ಒಪ್ಪಂದದಲ್ಲಿ ಬರೆದ ‘ತಾತ್ಕಾಲಿಕ ಮೊತ್ತ’ ಎಷ್ಟಕ್ಕೆ ನಿಲ್ಲುತ್ತದೆ?

ಪ್ರಶ್ನೆ: ಉಡುಪಿ ಜಿಲ್ಲೆಯ ಹಿರಿಯಡಕದ ಬಳಿ 12 ಸೆಂಟ್ಸ್ ಇಳಿಜಾರು ಜಾಗದಲ್ಲಿ 1,650 ಚದರ ಅಡಿಯ ತಾರಸಿ ಮನೆ ಕಟ್ಟಿಸುತ್ತಿದ್ದೇವೆ. ಪತಿ ದೋಹಾದಲ್ಲಿದ್ದಾರೆ. ಕೆಲಸ ನೋಡಿಕೊಳ್ಳುವವಳು ನಾನು. ಸಾಮಗ್ರಿ ಸಹಿತ ಚದರ ಅಡಿಗೆ 2,500 ರೂ.ನಂತೆ 41.25 ಲಕ್ಷಕ್ಕೆ ಒಪ್ಪಂದವಾಗಿದೆ. ಅದರೊಳಗೆ ಕೆಲವು ಕೆಲಸಗಳ ಎದುರು ‘ತಾತ್ಕಾಲಿಕ ಮೊತ್ತ’ ಎಂದು ಬರೆದಿದ್ದಾರೆ: ಪಂಚಾಂಗ (ಅಡಿಪಾಯ) 3.5 ಲಕ್ಷ, ಹಿಂಬದಿಯ ತಡೆಗೋಡೆ 2 ಲಕ್ಷ, ವಿದ್ಯುತ್ ಕೆಲಸ 1.8 ಲಕ್ಷ, ಅಡುಗೆಮನೆ 1.5 ಲಕ್ಷ, ಬಚ್ಚಲುಮನೆಯ ಫಿಟ್ಟಿಂಗ್ 1.2 ಲಕ್ಷ. ಟೈಲ್ಸ್‌ಗೆ ‘ಬೇಸಿಕ್ ದರ ಚದರ ಅಡಿಗೆ 55 ರೂ.’ ಎಂದಿದೆ. ದೀಪಾವಳಿ ಕಳೆದು ಕೆಸರುಕಲ್ಲು ಹಾಕಿದೆವು. ಈಗ ಗುತ್ತಿಗೆದಾರರು, ಹಿಂಬದಿಯಲ್ಲಿ ಸುಮಾರು 80 ಅಡಿ ಉದ್ದಕ್ಕೆ ಶೇಡಿ ಮಣ್ಣು (ನೀರು ತಾಗಿದರೆ ಮೆತ್ತಗಾಗುವ ಜೇಡಿ) ಸಿಕ್ಕಿ ಒಂದೂವರೆ ಅಡಿ ಹೆಚ್ಚು ಆಳಕ್ಕೆ ಹೋಗಬೇಕಾಯಿತು, ಪಂಚಾಂಗಕ್ಕೆ 5.4 ಲಕ್ಷ ಆಗಿದೆ ಎಂದು ಕೈಬರಹದ ಒಂದು ಹಾಳೆ ಕೊಟ್ಟಿದ್ದಾರೆ. ತಾತ್ಕಾಲಿಕ ಎಂದರೆ ಅವರು ಹೇಳಿದಷ್ಟು ಕೊಡಲೇಬೇಕು ಎನ್ನುತ್ತಾರೆ ಭಾವ. ಸ್ಟಾಂಪ್ ಪೇಪರಿನಲ್ಲಿ ಸಹಿ ಆದ ಮೇಲೆ ಒಂದು ರೂಪಾಯಿಯೂ ಹೆಚ್ಚು ಕೊಡಬೇಡ, ರೇರಾಕ್ಕೆ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ದೂರು ಕೊಡು ಎನ್ನುತ್ತಾನೆ ಅಣ್ಣ. ಬ್ಯಾಂಕಿನಿಂದ 32 ಲಕ್ಷ ಸಾಲ ಮಂಜೂರಾಗಿದೆ. ಪತ್ತನಾಜೆಯೊಳಗೆ (ಮೇ ಕೊನೆಯ ವಾರದಲ್ಲಿ ಬರುವ ತುಳುನಾಡಿನ ಆಚರಣೆಯ ದಿನ) ಒಕ್ಕಲು, ಅಂದರೆ ಗೃಹಪ್ರವೇಶ, ಆಗಬೇಕೆಂದು ಅತ್ತೆಯವರ ಆಸೆ. ನಾನು ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮನ್ನು ಕಾಡುತ್ತಿರುವುದು ಪಂಚಾಂಗದ 1.9 ಲಕ್ಷ. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇನ್ನೂ ಬಾರದ ಬಿಲ್ಲುಗಳು. ನೀವು ಬರೆದ ಐದು ಬಾಬ್ತುಗಳನ್ನು ಕೂಡಿಸಿದರೆ 10 ಲಕ್ಷ. ಟೈಲ್ಸ್ ಹಾಕುವ ಜಾಗ ಗೋಡೆಯೂ ಸೇರಿ 1,900 ಚದರ ಅಡಿ ಎಂದು ಹಿಡಿದರೆ ಅದರ 1,04,500 ರೂ. ಸೇರಿ 11 ಲಕ್ಷ ದಾಟುತ್ತದೆ. ಅಂದರೆ ‘ನಿಗದಿತ ಬೆಲೆ’ ಎಂದು ನೀವು ನಂಬಿ ಸಹಿ ಹಾಕಿದ ಒಪ್ಪಂದದಲ್ಲಿ ಕಾಲು ಭಾಗಕ್ಕಿಂತ ಹೆಚ್ಚಿಗೆ ಬೆಲೆಯೇ ನಿಗದಿಯಾಗಿಲ್ಲ. ಇಂದು ಪಂಚಾಂಗದ ಲೆಕ್ಕ ಯಾವ ರೀತಿಯಲ್ಲಿ ತೀರುತ್ತದೆಯೋ ಉಳಿದವೂ ಅದೇ ದಾರಿ ಹಿಡಿಯುತ್ತವೆ. ಹಾಗಾಗಿ ಇದನ್ನು ಸರಿಯಾಗಿ ತೀರಿಸಿಕೊಳ್ಳುವುದು ಮುಖ್ಯ.

ಭಾವ ಹೇಳಿದ್ದು ಸರಿಯಲ್ಲ, ಅಣ್ಣ ಹೇಳಿದ್ದೂ ಸರಿಯಲ್ಲ. ತಾತ್ಕಾಲಿಕ ಮೊತ್ತವೆಂದರೆ ಒಪ್ಪಂದದ ದಿನ ಬೆಲೆ ಕಟ್ಟಲಾಗದ ಒಂದು ಕೆಲಸಕ್ಕಾಗಿ ಕಾದಿಟ್ಟ ಅಂದಾಜು ದುಡ್ಡು. ಕೆಲಸ ಮುಗಿದಾಗ ಆ ಅಂದಾಜನ್ನು ಪೂರ್ತಿಯಾಗಿ ತೆಗೆದುಹಾಕಿ, ನಿಜವಾಗಿ ಆದ ಖರ್ಚನ್ನು ಆ ಜಾಗದಲ್ಲಿ ಇಡಬೇಕು. ಹೆಚ್ಚಾದರೆ ನೀವು ಕೊಡುತ್ತೀರಿ, ಕಡಿಮೆಯಾದರೆ ಅವರು ಬಿಡುತ್ತಾರೆ. ‘ನಿಜವಾಗಿ ಆದದ್ದು’ ಎಂಬುದಕ್ಕೆ ಅಳತೆ ಬೇಕು, ದರ ಬೇಕು, ರಸೀದಿ ಬೇಕು. ಹೇಳಿದಷ್ಟು ಕೊಡಬೇಕೆಂದು ಎಲ್ಲಿಯೂ ಇಲ್ಲ. ಬರೆದಷ್ಟೇ ಕೊಡುತ್ತೇನೆ ಎನ್ನುವುದಕ್ಕೂ ಆಧಾರವಿಲ್ಲ, ಏಕೆಂದರೆ ಆ ಅಂಕಿಯ ಪಕ್ಕದಲ್ಲೇ ‘ತಾತ್ಕಾಲಿಕ’ ಎಂದಿದೆ. ಸ್ಟಾಂಪ್ ಪೇಪರು ಆ ಪದದ ಅರ್ಥವನ್ನು ಬದಲಿಸುವುದಿಲ್ಲ. ನಿಮ್ಮ ಪತಿಯನ್ನೂ ಕೇಳಿ ನೋಡಿ. ಗಲ್ಫಿನ ದೊಡ್ಡ ಕಟ್ಟಡಗಳ ಒಪ್ಪಂದಗಳಲ್ಲಿ ‘ಪ್ರಾವಿಷನಲ್ ಸಮ್’ ದಿನನಿತ್ಯದ ಮಾತು. ಅಲ್ಲಿ ಅದನ್ನು ಖರ್ಚು ಮಾಡಲು ಮಾಲೀಕರ ಪರವಾಗಿ ನಿಂತ ಎಂಜಿನಿಯರರ ಲಿಖಿತ ಆದೇಶ ಬೇಕು. ನಮ್ಮ ಊರಿನ ಮನೆ ಒಪ್ಪಂದಗಳು ಆ ಮೊತ್ತವನ್ನು ಎರವಲು ತಂದುಕೊಂಡವು, ಆ ಲಿಖಿತ ಆದೇಶವನ್ನು ತರಲಿಲ್ಲ.

ಇಂಥ ಮೊತ್ತ ಕಂಡಾಗಲೆಲ್ಲ ನಾನು ಮೊದಲು ಕೇಳುವುದು, ಇದು ಯಾಕೆ ಗೊತ್ತಿಲ್ಲ ಎಂದು. ನೆಲದೊಳಗೆ ಏನಿದೆ ಎಂಬುದು ಅಗೆಯುವವರೆಗೆ ಯಾರಿಗೂ ಗೊತ್ತಿಲ್ಲ. ಅದು ಪ್ರಾಮಾಣಿಕವಾದ ಗೊತ್ತಿಲ್ಲ. ಟೈಲ್ಸ್ ಯಾವುದು ಎಂಬುದು ಗೊತ್ತಿಲ್ಲದಿರುವುದು ನೀವು ಇನ್ನೂ ಆರಿಸಿಲ್ಲದ ಕಾರಣಕ್ಕೆ. ಅಂಗಡಿಗೆ ಹೋಗಿ ಬಂದರೆ ಅದು ಮುಗಿಯಿತು. ಆದರೆ ಮನೆಯ ನಕ್ಷೆ ಕೈಯಲ್ಲಿರುವಾಗ ವಿದ್ಯುತ್ ಕೆಲಸಕ್ಕೆ ಎಷ್ಟಾಗುತ್ತದೆ ಎಂಬುದು ಗೊತ್ತಿಲ್ಲ ಎಂದರೆ, ಕುಳಿತು ಲೆಕ್ಕ ಹಾಕಿಲ್ಲ ಎಂದೇ ಅರ್ಥ. ಈ ಮೂರನೆಯ ಬಗೆಯದ್ದು ಒಪ್ಪಂದದಲ್ಲಿ ಇರಬಾರದು. ಎಲ್ಲ ಗುತ್ತಿಗೆದಾರರೂ ಇದನ್ನು ಮೋಸಕ್ಕೆಂದೇ ಮಾಡುತ್ತಾರೆ ಎಂದು ನಾನು ಹೇಳುವುದಿಲ್ಲ. ನಾವು ಮೂರು ಕಡೆ ದರ ಕೇಳಿ, ಚದರ ಅಡಿಗೆ ಐವತ್ತು ರೂಪಾಯಿ ಕಡಿಮೆ ಹೇಳಿದವರಿಗೆ ಕೆಲಸ ಕೊಡುತ್ತೇವೆ. ದರ ಇಳಿಸಿ ತೋರಿಸಲು ಅತಿ ಸುಲಭದ ಜಾಗ ಈ ತಾತ್ಕಾಲಿಕ ಮೊತ್ತಗಳೇ. ತಡೆಗೋಡೆಗೆ ನಾಲ್ಕು ಲಕ್ಷ ಎಂದು ನಿಜ ಹೇಳಿದವರು ಆ ದಿನ ದುಬಾರಿಯಾಗಿ ಕಾಣುತ್ತಾರೆ.

ಈಗ ನಿಮ್ಮ ಹಿಂಬದಿಯ ಮಣ್ಣಿಗೆ ಬರುತ್ತೇನೆ. ಶೇಡಿ ಸಿಕ್ಕಿದೆ ಎಂದು ಅವರು ಹೇಳಿದ್ದನ್ನು ನಾನು ಸುಲಭಕ್ಕೆ ತಳ್ಳಿಹಾಕುವುದಿಲ್ಲ. ನಮ್ಮ ಕರಾವಳಿಯ ನೆಲ ಮೇಲೆ ಮುರಕಲ್ಲಿನ (ಜಂಬಿಟ್ಟಿಗೆ) ಗಟ್ಟಿ ಹೊದಿಕೆ, ಅದರ ಕೆಳಗೆ ಶೇಡಿ, ಇನ್ನೂ ಕೆಳಗೆ ಕರಿಬಂಡೆ. ಇಳಿಜಾರು ಜಾಗವನ್ನು ಜೆಸಿಬಿಯಲ್ಲಿ ಕಡಿದು ಮಟ್ಟ ಮಾಡುವಾಗ ಹಿಂಬದಿಯಲ್ಲಿ ಆ ಗಟ್ಟಿ ಹೊದಿಕೆಯೇ ಹೋಗಿಬಿಡುತ್ತದೆ, ಮನೆಯ ಹಿಂಗೋಡೆ ನೇರವಾಗಿ ಶೇಡಿಯ ಮೇಲೆ ನಿಲ್ಲುತ್ತದೆ. ಮುಂಬದಿಯಲ್ಲಿ ಅದೇ ಮಣ್ಣನ್ನು ತುಂಬಿರುತ್ತಾರೆ, ಅದು ಬೇರೆಯೇ ಕಥೆ. ಬಿಳಿ, ಹಳದಿ, ಕೆಲವೆಡೆ ನಸುಗೆಂಪು ಬಣ್ಣದ ಶೇಡಿ ಬೇಸಗೆಯಲ್ಲಿ ಗುದ್ದಲಿಗೂ ಜಗ್ಗದಷ್ಟು ಬಿರುಸು. ಒಂದು ಹೆಂಟೆಯನ್ನು ಅಂಗೈಯಲ್ಲಿಟ್ಟು ಅರ್ಧ ಲೋಟ ನೀರು ಹಾಕಿ ಹೆಬ್ಬೆರಳಿನಿಂದ ಒತ್ತಿ ನೋಡಿ. ಅದು ಬೆಣ್ಣೆಯ ಹಾಗೆ ಜಾರಿಹೋಗುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ ಇಂಥ ಮಣ್ಣಿನ ಮೇಲೆ ಕಲ್ಲು ಕಟ್ಟಿ ಸುಮ್ಮನಿದ್ದರೆ, ಎರಡನೆಯ ಮಳೆಗಾಲಕ್ಕೆ ಗೋಡೆ ಓರೆಯಾಗಿ ಬಿರಿಯುತ್ತದೆ. ಆಳಕ್ಕೆ ಹೋಗುವುದು, ತಳವನ್ನು ಅಗಲ ಮಾಡುವುದು, ಕೆಳಗೆ ಕಬ್ಬಿಣ ಹಾಕಿದ ಕಾಂಕ್ರೀಟ್ ಪಟ್ಟಿ ಕೊಡುವುದು, ಇವುಗಳಲ್ಲಿ ಯಾವುದು ಬೇಕೆಂದು ಎಂಜಿನಿಯರರು ಗುಂಡಿಯನ್ನು ನೋಡಿ ಹೇಳಬೇಕು. ಆ ಮಾತನ್ನು ಗುತ್ತಿಗೆದಾರರೊಬ್ಬರೇ ತೀರ್ಮಾನಿಸಬಾರದು. ಹಾಗಾಗಿ ಹೆಚ್ಚು ಆಳಕ್ಕೆ ಹೋದದ್ದು ತಪ್ಪಲ್ಲ. ಎಷ್ಟು ಹೆಚ್ಚು ಎಂಬುದನ್ನು ಮಾತ್ರ ನೋಡಬೇಕು.

ಅದನ್ನು ನೀವೇ ಲೆಕ್ಕ ಹಾಕಬಹುದು. 80 ಅಡಿ ಉದ್ದ, 3 ಅಡಿ ಅಗಲದ ಕಣಿ, ಒಂದೂವರೆ ಅಡಿ ಹೆಚ್ಚುವರಿ ಆಳ ಎಂದರೆ 360 ಘನ ಅಡಿ ಅಗೆತ, ಸುಮಾರು 10 ಘನ ಮೀಟರ್. ಆ ಒಂದೂವರೆ ಅಡಿಗೆ ಎರಡಡಿ ದಪ್ಪದ ಕಲ್ಲಿನ ಕಟ್ಟಡ ಹಿಡಿದರೆ 240 ಘನ ಅಡಿ. ಈ ಎರಡು ಸಂಖ್ಯೆಗಳಿಗೆ ನಿಮ್ಮ ಒಪ್ಪಂದದಲ್ಲಿರುವ ದರ ಹಚ್ಚಿ. ಒಪ್ಪಂದದಲ್ಲಿ ದರವೇ ಇಲ್ಲದಿದ್ದರೆ ಲೋಕೋಪಯೋಗಿ ಇಲಾಖೆಯ ದರಪಟ್ಟಿಯನ್ನು ಇಬ್ಬರೂ ಒಪ್ಪಿ ಆಧಾರವಾಗಿಡಬಹುದು. ಇಷ್ಟೇ ಕೆಲಸ ಹೆಚ್ಚಾಗಿದ್ದರೆ 1.9 ಲಕ್ಷ ಬರುವುದು ನನ್ನ ಅನುಭವಕ್ಕೆ ಹೊಂದುವುದಿಲ್ಲ. ಹಾಗಾದರೆ ಎರಡರಲ್ಲಿ ಒಂದು ಇರಬೇಕು. ಕಬ್ಬಿಣ, ಕಾಂಕ್ರೀಟ್, ನೀರು ಪಂಪ್ ಮಾಡಿದ್ದು ಮೊದಲಾದ ಬೇರೆ ಕೆಲಸವೂ ಸೇರಿದೆ. ಇಲ್ಲವಾದರೆ ಮೊದಲಿನ 3.5 ಲಕ್ಷವೇ ಕಡಿಮೆ ಅಂದಾಜು, ಆ ಕೊರತೆಯನ್ನು ಶೇಡಿಯ ಹೆಸರಿನಲ್ಲಿ ತುಂಬುತ್ತಿದ್ದಾರೆ. ಯಾವುದೆಂದು ತಿಳಿಯಲು ಪೂರ್ತಿ ಪಂಚಾಂಗದ ಅಳತೆ ಬೇಕು, ಹೆಚ್ಚಾದ ಭಾಗದ್ದು ಮಾತ್ರ ಸಾಲದು.

ಕೆಲವು ವರ್ಷಗಳ ಹಿಂದೆ ಪರ್ಕಳದಲ್ಲಿ ಇಂಥದೇ ಜಗಳಕ್ಕೆ ನನ್ನನ್ನು ಕರೆದಿದ್ದರು. ಬಿಲ್ಲಿನಲ್ಲಿ ಹಿಂಗೋಡೆಯ ಆಳ ಐದೂವರೆ ಅಡಿ ಎಂದಿತ್ತು. ಮಣ್ಣು ಆಗಲೇ ತುಂಬಿಯಾಗಿತ್ತು. ಗೋಡೆಗೆ ತಾಗಿ ಮೂರು ಕಡೆ ಮನುಷ್ಯ ಇಳಿಯುವಷ್ಟು ಗುಂಡಿ ತೆಗೆಸಿದೆವು. ಮೊದಲ ಗುಂಡಿಯಲ್ಲಿ ಟೇಪು ನಾಲ್ಕಡಿ ಎರಡು ಇಂಚಿಗೆ ನಿಂತಿತು, ಎರಡನೆಯದರಲ್ಲಿ ನಾಲ್ಕಡಿಗೆ. ಮೂಲೆಯ ಗುಂಡಿಯಲ್ಲಿ ನಿಜವಾಗಿಯೂ ಐದೂವರೆ ಅಡಿ ಇತ್ತು. ಮೇಸ್ತ್ರಿ ಸುಳ್ಳು ಹೇಳಿರಲಿಲ್ಲ. ತಾನು ಕಂಡ ಅತಿ ಆಳದ ಅಳತೆಯನ್ನು ಹೇಳಿದ್ದ, ಬಿಲ್ಲು ಬರೆದವರು ಅದನ್ನು ಇಡೀ ಉದ್ದಕ್ಕೆ ಗುಣಿಸಿದ್ದರು. ಅರ್ಧ ದಿನದಲ್ಲಿ ಜಗಳ ತೀರಿತು. ಆದರೆ ಮನೆಯವರು ಮತ್ತು ಗುತ್ತಿಗೆದಾರರು ಎರಡು ತಿಂಗಳು ಮಾತು ಬಿಟ್ಟಿದ್ದರು.

ನಿಮ್ಮಲ್ಲಿ ಹಿಂಬದಿಯ ಕಣಿ ಇನ್ನೂ ತೆರೆದಿದ್ದರೆ, ಮಣ್ಣು ತುಂಬುವ ಮೊದಲು ಅಳತೆ ಮುಗಿಸಿ. ಪ್ರತಿ ಹತ್ತು ಅಡಿಗೆ ಒಂದು ಅಳತೆ, ಟೇಪಿನ ಅಂಕಿ ಕಾಣುವ ಹಾಗೆ ಫೋಟೋ, ಒಂದು ನೋಟ್‌ಬುಕ್‌ನಲ್ಲಿ ಉದ್ದ, ಅಗಲ, ಆಳ, ಕೆಳಗೆ ನಿಮ್ಮ ಸಹಿ ಮತ್ತು ಅವರ ಸಹಿ. ಸರ್ಕಾರಿ ಕೆಲಸಗಳಲ್ಲಿ ಅಳತೆ ಪುಸ್ತಕವಿಲ್ಲದೆ ಬಿಲ್ಲು ಪಾಸಾಗುವುದಿಲ್ಲ. ಮನೆ ಕೆಲಸಕ್ಕೂ ನೂರು ಪುಟದ ಒಂದು ಪುಸ್ತಕ ಇಟ್ಟುಕೊಂಡರೆ ಗುತ್ತಿಗೆದಾರರಿಗೆ ಅವಮಾನವೇನೂ ಇಲ್ಲ. ಲೆಕ್ಕ ಸರಿಯಿರುವವರು ಅದನ್ನು ಸಂತೋಷದಿಂದಲೇ ಒಪ್ಪುತ್ತಾರೆ.

ಕೈಬರಹದ ಆ ಹಾಳೆಯಲ್ಲಿ ಇನ್ನೊಂದು ವಿಷಯ ನೋಡಿ. ಲಾಭಾಂಶವನ್ನು ಯಾವುದರ ಮೇಲೆ ಹಾಕಿದ್ದಾರೆ? 3.5 ಲಕ್ಷದೊಳಗೆ ಅವರ ಲಾಭ ಆಗಲೇ ಸೇರಿರುತ್ತದೆ. ಹೆಚ್ಚಾದ ಭಾಗಕ್ಕೆ ಲಾಭ ಕೇಳುವುದು ನ್ಯಾಯ, ಪೂರ್ತಿ 5.4 ಲಕ್ಷದ ಮೇಲೆ ಮತ್ತೊಮ್ಮೆ ಹಾಕಿದರೆ ಅಲ್ಲ. ಎಷ್ಟು ಎಂಬುದಕ್ಕೆ ಒಂದು ಅಳತೆಗೋಲು ಬೇಕಿದ್ದರೆ, ಕೇಂದ್ರ ಲೋಕೋಪಯೋಗಿ ಇಲಾಖೆ ತನ್ನ ದರ ವಿಶ್ಲೇಷಣೆಯಲ್ಲಿ ಗುತ್ತಿಗೆದಾರರ ಲಾಭ ಮತ್ತು ಮೇಲುಖರ್ಚು ಎರಡಕ್ಕೂ ಸೇರಿಸಿ ಶೇ 15 ಹಿಡಿಯುತ್ತದೆ. ಅದಕ್ಕಿಂತ ಹೆಚ್ಚು ಕೇಳಿದರೆ ಕಾರಣ ಕೇಳಿ.

ತಡೆಗೋಡೆಯ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಮಾತನಾಡುತ್ತೇನೆ. ತಾತ್ಕಾಲಿಕ ಮೊತ್ತ ಕಡಿಮೆ ಇದ್ದರೆ ಬಿಲ್ಲು ಹೆಚ್ಚಾಗುತ್ತದೆ ಎಂದೇ ಎಲ್ಲರೂ ಹೆದರುತ್ತಾರೆ. ಬಿಲ್ಲು ಹೆಚ್ಚಾಗದೆ ಗೋಡೆಯೇ ಸಣ್ಣದಾದರೆ ಅದು ಇನ್ನೂ ಕೆಟ್ಟದ್ದು. ಮಾಲೀಕರು ಹೆಚ್ಚು ಕೊಡುವುದಿಲ್ಲ ಎಂದು ಹಟ ಹಿಡಿದಾಗ, ಎರಡು ಲಕ್ಷದೊಳಗೆ ಮುಗಿಯುವಂಥ ಗೋಡೆಯನ್ನು ಕಟ್ಟಿಬಿಡುತ್ತಾರೆ. ಮಂಗಳೂರಿನ ಹೊರವಲಯದಲ್ಲಿ ನಾನೇ ಸಲಹೆ ಕೊಡುತ್ತಿದ್ದ ಒಂದು ಮನೆಯಲ್ಲಿ, ನಾನು ಎರಡು ವಾರ ಸ್ಥಳಕ್ಕೆ ಹೋಗದಿದ್ದಾಗ ಅಂಥ ಗೋಡೆ ಎದ್ದಿತು. ನೀರು ಹೊರಬರಲು ಸಾಲಾಗಿ ಪೈಪುಗಳಿದ್ದವು, ನೋಡಲು ಅಚ್ಚುಕಟ್ಟು. ಜೂನ್ ಕೊನೆಯಲ್ಲಿ ಗೋಡೆ ಹೊಟ್ಟೆ ಬಿಟ್ಟಿತು. ಸುರಿಯುವ ಮಳೆಯಲ್ಲಿ ಒಂದು ಪೈಪಿಗೆ ಸರಳು ತೂರಿಸಿದೆ. ನಾಲ್ಕು ಇಂಚು ಹೋಗಿ ಕಲ್ಲಿಗೆ ತಾಗಿತು. ಒಂದೂವರೆ ಅಡಿ ದಪ್ಪದ ಗೋಡೆಗೆ ಪೈಪಿನ ತುಂಡುಗಳನ್ನು ಹೊರಮೈಗೆ ಮಾತ್ರ ಸಿಕ್ಕಿಸಿದ್ದರು. ಹಿಂದಿನ ಬರೆಯಿಂದ (ಕಡಿದ ಗುಡ್ಡದ ಬದಿ) ಇಳಿದ ನೀರಿಗೆ ದಾರಿಯೇ ಇರಲಿಲ್ಲ. ಆ ಮನೆಯವರು ರಾತ್ರಿ ಹಿಂಬದಿಯ ಕೋಣೆಯಲ್ಲಿ ಮಲಗುವುದನ್ನೇ ಬಿಟ್ಟರು.

ಹಾಗಾಗಿ ತಡೆಗೋಡೆಗೆ ಇಂದೇ ನಕ್ಷೆ ಮಾಡಿಸಿ. ಉದ್ದ, ನೆಲದಿಂದ ಎತ್ತರ, ತಳದ ಅಗಲ, ಹಿಂದೆ ತುಂಬುವ ಜಲ್ಲಿ, ಪೈಪು ಗೋಡೆಯ ಪೂರ್ತಿ ದಪ್ಪಕ್ಕೆ ಹಾಯಬೇಕು ಎಂಬ ಮಾತು, ಮೇಲಿನ ಮಳೆನೀರನ್ನು ಬದಿಗೆ ಒಯ್ಯುವ ಚರಂಡಿ, ಎಲ್ಲವೂ ಅದರಲ್ಲಿರಲಿ. ನಕ್ಷೆ ಇದ್ದರೆ ಅದು ತಾತ್ಕಾಲಿಕ ಮೊತ್ತವಾಗಿ ಉಳಿಯಬೇಕಾಗಿಲ್ಲ. ನಿಗದಿತ ದರ ಕೇಳಿ. ಅವರು ಅಪಾಯದ ಭಾರಕ್ಕೆಂದು ಸ್ವಲ್ಪ ಹೆಚ್ಚು ಹೇಳಿಯಾರು. ಆ ಹೆಚ್ಚುವರಿಯನ್ನು ಕೊಡುವುದೇ ಮೇಲು ಎಂದು ನನ್ನ ಅಭಿಪ್ರಾಯ.

ಟೈಲ್ಸ್‌ನ 55 ರೂಪಾಯಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಗೊಂದಲ ಹುಟ್ಟುತ್ತದೆ. ‘ಬೇಸಿಕ್ ದರ’ ಎಂದರೆ ಅಂಗಡಿಯಲ್ಲಿ ಪದಾರ್ಥದ ಬೆಲೆ ಮಾತ್ರ. ಹಾಕುವ ಕೂಲಿ, ಸಿಮೆಂಟು ಮತ್ತು ಮರಳು ಚದರ ಅಡಿಯ 2,500 ರೂ.ಗಳೊಳಗೆ ಬೇರೆಯಾಗಿ ಇವೆ ಎಂದು ಅರ್ಥ. ಆ 55ರಲ್ಲಿ ತೆರಿಗೆ ಸೇರಿದೆಯೇ ಎಂದು ಕೇಳಿ. ಟೈಲ್ಸ್‌ಗೆ ಜಿಎಸ್‌ಟಿ ಶೇ 18. ಸೇರಿಲ್ಲವಾದರೆ ಅದು ಆಗಲೇ 65 ರೂಪಾಯಿಯ ಹತ್ತಿರಕ್ಕೆ ಬಂತು. ನೀವು 90 ರೂಪಾಯಿಯದ್ದನ್ನು ಮೆಚ್ಚಿದಿರಿ ಎನ್ನಿ. ವ್ಯತ್ಯಾಸ 35 ರೂ., 1,900 ಚದರ ಅಡಿಗೆ 66,500. ಕತ್ತರಿಸಿ ಹಾಳಾಗುವುದಕ್ಕೆ ಶೇ 10 ಹೆಚ್ಚು ತರಿಸಿದರೆ ವ್ಯತ್ಯಾಸವೇ 73,150 ರೂ. ಜತೆಗೆ ನಾಲ್ಕು ಅಡಿ ಉದ್ದದ ದೊಡ್ಡ ಹಲಗೆಗಳನ್ನು ಆರಿಸಿದರೆ ಅಂಟು ಬೇಕು, ಕೈ ಕುಳಿತ ಕೆಲಸಗಾರರು ಬೇಕು, ಕೂಲಿಯೂ ಏರುತ್ತದೆ. ಇದರಲ್ಲಿ ಗುತ್ತಿಗೆದಾರರ ತಪ್ಪು ಏನೂ ಇಲ್ಲ. ಅಂಗಡಿಗೆ ಹೋಗುವ ಮೊದಲು ಈ ಲೆಕ್ಕ ನಿಮ್ಮ ಕೈಯಲ್ಲಿರಲಿ, ಅಷ್ಟೇ.

ಬಚ್ಚಲುಮನೆಯ ಫಿಟ್ಟಿಂಗ್ ಕೂಡ ಹೀಗೆಯೇ. ಬ್ರಾಂಡು ಮತ್ತು ಮಾದರಿಯನ್ನು ಬರೆಸಿಬಿಟ್ಟರೆ ಮುಗಿಯಿತು. ವಿದ್ಯುತ್ ಕೆಲಸಕ್ಕೆ ಪಾಯಿಂಟುಗಳನ್ನು ಎಣಿಸಿ, ಪಾಯಿಂಟಿಗೆ ಇಷ್ಟು ಎಂದು ದರ ಕಟ್ಟಿ. ವಿದ್ಯುತ್ ಕಂಪನಿ ಮೆಸ್ಕಾಂಗೆ ಕಟ್ಟುವ ಠೇವಣಿ, ಅರ್ತಿಂಗ್, ಇನ್‌ವರ್ಟರ್ ವೈರಿಂಗ್ ಒಳಗೋ ಹೊರಗೋ ಎಂಬುದನ್ನೂ ಬರೆಸಿ. ಅಡುಗೆಮನೆಯ 1.5 ಲಕ್ಷ ಕಟ್ಟೆ ಮತ್ತು ಸಿಂಕಿಗೋ ಕಪಾಟುಗಳಿಗೂ ಸೇರಿಯೋ ಎಂಬುದು ನಿಮ್ಮ ಪತ್ರದಿಂದ ತಿಳಿಯುವುದಿಲ್ಲ. ಬಹುಶಃ ನಿಮ್ಮ ಒಪ್ಪಂದದಿಂದಲೂ ತಿಳಿಯುವುದಿಲ್ಲ. ಕೇಳಿ. ತಾರಸಿಯ ಮೇಲೆ ಶೀಟಿನ ಚಾವಣಿ ಇದೆಯೇ ಎಂದೂ ನೋಡಿ. ನಮ್ಮ ಮಳೆಗೆ ಅದಿಲ್ಲದೆ ಆಗುವುದಿಲ್ಲ, ಆದರೂ ಎಷ್ಟೋ ಒಪ್ಪಂದಗಳಲ್ಲಿ ಅದರ ಸುದ್ದಿಯೇ ಇರುವುದಿಲ್ಲ.

ಕೆಲವನ್ನು ಒಪ್ಪಂದದಿಂದ ತೆಗೆದು ನೀವೇ ತಂದುಕೊಡಬಹುದು. ಟೈಲ್ಸ್, ಫಿಟ್ಟಿಂಗ್, ಅಡುಗೆಮನೆಗೆ ಅದು ಆದೀತು. ತೆಗೆಯುವಾಗ ಆ ಮೊತ್ತ 41.25 ಲಕ್ಷದಿಂದ ಪೂರ್ತಿ ಇಳಿಯಿತೆಂದು ಬರೆಸಿಕೊಳ್ಳಿ. ಇದರಲ್ಲಿ ಅಪಾಯವೂ ಇದೆ. ಸಾಮಾನು ತಡವಾದರೆ ಕೆಲಸಗಾರರು ಕುಳಿತ ದಿನದ ಕೂಲಿ ನಿಮ್ಮ ತಲೆಗೆ ಬರುತ್ತದೆ. ಒಡೆದದ್ದು ಯಾರ ಲೆಕ್ಕಕ್ಕೆ ಎಂಬ ಚರ್ಚೆ ಏಳುತ್ತದೆ. ನಲ್ಲಿ ಸೋರಿದರೆ ಪ್ಲಂಬರ್ ನಲ್ಲಿಯನ್ನು ದೂರುತ್ತಾರೆ, ಅಂಗಡಿಯವರು ಪ್ಲಂಬರನ್ನು. ಪತಿ ಊರಿನಲ್ಲಿಲ್ಲದೆ ಒಬ್ಬರೇ ಓಡಾಡುವ ನಿಮಗೆ ಟೈಲ್ಸ್ ಒಂದನ್ನು ತೆಗೆದುಕೊಂಡರೆ ಸಾಕು ಎಂದು ನನ್ನ ಸಲಹೆ. ಗುತ್ತಿಗೆದಾರರನ್ನೇ ಬದಲಿಸುವ ಯೋಚನೆ ಬಂದಿದ್ದರೆ, ಪಂಚಾಂಗದ ಮಟ್ಟದಲ್ಲಿ ಹಾಗೆ ಮಾಡಬೇಡಿ. ಮುಂದೆ ಬಿರುಕು ಬಿಟ್ಟರೆ ಇಬ್ಬರೂ ಒಬ್ಬರನ್ನೊಬ್ಬರು ತೋರಿಸುತ್ತಾರೆ.

ದೂರಿನ ವಿಷಯ. ಮಾರುವುದಕ್ಕಾಗಿ ಕಟ್ಟುವವರನ್ನು ನೋಡಿಕೊಳ್ಳುವುದು ರೇರಾ. ಸ್ವಂತ ಜಾಗದಲ್ಲಿ ಗುತ್ತಿಗೆಗೆ ಕೊಟ್ಟು ಕಟ್ಟಿಸುವ ನಿಮ್ಮ ಮನೆ ಅದರ ವ್ಯಾಪ್ತಿಗೆ ಬರುವುದಿಲ್ಲ. ನಿಮಗಿರುವ ದಾರಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಅದು ಮನೆ ಕಟ್ಟಿಕೊಡುವುದನ್ನೂ ಸೇವೆ ಎಂದೇ ಎಣಿಸುತ್ತದೆ. ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗಕ್ಕೇ ಹೋಗಬಹುದು, ಕಾರಣ ಹುಟ್ಟಿದ ಎರಡು ವರ್ಷದೊಳಗೆ. ಆದರೆ ಅಲ್ಲಿಯೂ ಕೇಳುವುದು ಅಳತೆ ಮತ್ತು ಕಾಗದವನ್ನೇ. ಅಣ್ಣನಿಗೆ ಇನ್ನೊಂದು ಮಾತು ತಿಳಿಸಿ. 1872ರ ಭಾರತೀಯ ಕರಾರು ಕಾಯ್ದೆಯ 70ನೇ ಕಲಮಿನ ಪ್ರಕಾರ, ಪುಕ್ಕಟೆ ಎಂಬ ಉದ್ದೇಶವಿಲ್ಲದೆ ನ್ಯಾಯವಾಗಿ ಮಾಡಿಕೊಟ್ಟ ಕೆಲಸದ ಫಲವನ್ನು ನೀವು ಅನುಭವಿಸಿದರೆ ಅದಕ್ಕೆ ತಕ್ಕ ಪರಿಹಾರ ಕೊಡಬೇಕಾಗುತ್ತದೆ. ಆಳದ ಪಂಚಾಂಗದ ಮೇಲೆ ಮನೆ ನಿಲ್ಲಿಸಿಕೊಂಡು, ನಾವು ಹೇಳಿರಲಿಲ್ಲ ಎಂದರೆ ನಿಲ್ಲುವುದು ಕಷ್ಟ.

ಹಣದ ಕಡೆ ಬರೋಣ. ಬ್ಯಾಂಕು ಮಂಜೂರಾದ ಅಂದಾಜುಪಟ್ಟಿಯ ಪ್ರಕಾರ ಹಂತ ಹಂತವಾಗಿ ಬಿಡುಗಡೆ ಮಾಡುತ್ತದೆ. ತಾತ್ಕಾಲಿಕ ಮೊತ್ತ ಏರಿತೆಂದು ಸಾಲ ತಾನಾಗಿ ಏರುವುದಿಲ್ಲ, ಪರಿಷ್ಕೃತ ಅಂದಾಜು ಕೊಟ್ಟು ಕೇಳಬೇಕು. ಪಂಚಾಂಗದ ಲೆಕ್ಕ ತೀರಿದ ಮೇಲೂ ಸುಮಾರು 7.5 ಲಕ್ಷದಷ್ಟು ತಾತ್ಕಾಲಿಕವಾಗಿಯೇ ಉಳಿದಿದೆ. ಅದರ ಮೂರನೇ ಒಂದು ಭಾಗ, ಅಂದರೆ ಎರಡೂವರೆ ಲಕ್ಷ, ಕೈಯಲ್ಲಿರಲಿ ಎಂದು ನಾನು ನನ್ನ ಬಳಿ ಬರುವವರಿಗೆಲ್ಲ ಹೇಳುತ್ತೇನೆ. ಸದ್ಯಕ್ಕೆ 1.9 ಲಕ್ಷವನ್ನು ಪೂರ್ತಿ ಕೊಡಬೇಡಿ, ಪೂರ್ತಿ ತಡೆಹಿಡಿಯಲೂ ಬೇಡಿ. ಮುಂದಿನ ಮಾತಿನ ಮೊದಲು ‘ಅಳತೆಯಾದ ಮೇಲೆ ಸರಿಪಡಿಸಲಾಗುವುದು’ ಎಂದು ಬರೆದು ಒಂದು ಭಾಗವನ್ನು ಬ್ಯಾಂಕ್ ಮೂಲಕ ಕೊಟ್ಟರೆ, ಕೆಲಸ ನಿಲ್ಲುವುದಿಲ್ಲ, ನಿಮ್ಮ ಹಕ್ಕೂ ಉಳಿಯುತ್ತದೆ.

ಪತ್ತನಾಜೆಯೊಳಗೆ ಒಕ್ಕಲಾಗಲು ಮಾರ್ಚ್ ಮುಗಿಯುವುದರೊಳಗೆ ತಾರಸಿಯ ಕಾಂಕ್ರೀಟ್ ಬೀಳಬೇಕು. ಆಗದ ಮಾತಲ್ಲ, ಆದರೆ ಬಿಗಿ. ಅತ್ತೆಯವರ ಆಸೆ ದೊಡ್ಡದು, ಒಲೆ ಹೊತ್ತಿಸಿ ಹಾಲು ಉಕ್ಕಿಸಲು ಅಡುಗೆಮನೆ ಮತ್ತು ಒಂದು ಕೋಣೆ ಸಿದ್ಧವಾಗಿದ್ದರೂ ಸಾಕು. ಟೈಲ್ಸ್ ಆರಿಸುವುದನ್ನು ಫೆಬ್ರವರಿಯಲ್ಲೇ ಮುಗಿಸಿ. ಅವಸರದಲ್ಲಿ ಆರಿಸಿದ್ದಕ್ಕೆ ಬೆಲೆ ಕೇಳಲು ಸಮಯವಿರುವುದಿಲ್ಲ. ತಡೆಗೋಡೆ ಮಾತ್ರ ಒಕ್ಕಲಿಗಿಂತ ಮೊದಲೇ ಎದ್ದಿರಲಿ, ಮಳೆ ಅತ್ತೆಯವರ ಮುಹೂರ್ತಕ್ಕೆ ಕಾಯುವುದಿಲ್ಲ. ಒಕ್ಕಲಿನ ದಿನ ಗುತ್ತಿಗೆದಾರರಿಗೂ ಮೇಸ್ತ್ರಿಗೂ ಬಟ್ಟೆ, ವೀಳ್ಯ ಕೊಟ್ಟು ಗೌರವಿಸಿ. ಕೊನೆಯ ಕಂತನ್ನೂ ‘ಕೆಲಸ ಪೂರ್ತಿಯಾಗಿದೆ’ ಎಂಬ ಪತ್ರದ ಸಹಿಯನ್ನೂ, ಆ ಆರು ಬಾಬ್ತುಗಳ ಲೆಕ್ಕ ಪುಸ್ತಕದಲ್ಲಿ ಮುಗಿದ ದಿನಕ್ಕೆ ಇಟ್ಟುಕೊಳ್ಳಿ.